ಮಾಳಿಗೆ, ಗುಡುಗುಡಿ, ಗಿಟಾರು: ರಾಕ್ ಹಾಡಿನ ಒಳಾರ್ಥ ಹುಡುಕುವುದು ಹೇಗೆ?

2008ರಲ್ಲಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ಮೊದಲ ಆಲ್ಬಮ್ ಬಂತು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಯ ಹಾಡುಗಳಿದ್ದ ಆ ಆಲ್ಬಮ್ಮಿನಲ್ಲಿ ಎರಡು ಹಾಡುಗಳನ್ನು ಬರೆದವರು ತಂಡದವರಲ್ಲ. ಅವನ್ನು ಕಟ್ಟಿದ ಕವಿ ತೀರಿಕೊಂಡು ಆಗಲೇ 119 ವರ್ಷಗಳಾಗಿದ್ದವು. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಕವಿ ಶಿಶುನಾಳ ಶರೀಫರು. ಕಾಲ 1819ರಿಂದ 1889. ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಹಾಳ.

ಆಮೇಲಿನ ವರ್ಷಗಳಲ್ಲಿ ಈ ಎರಡು ಪದಗಳು ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹುಡುಗ ಹುಡುಗಿಯರ ಬಾಯಿಗೆ ಬಂದವು. ಕನ್ನಡ ಬಾರದವರೂ ಗುಡುಗುಡಿಯ ಪಲ್ಲವಿಯನ್ನು ಕೂಗಿ ಹಾಡುವುದನ್ನು ಕಾಲೇಜು ಹಬ್ಬಗಳಿಗೆ ಹೋದವರೆಲ್ಲ ಬಲ್ಲರು. ಸಾಮಾನ್ಯವಾಗಿ ಅಲ್ಲಿ ಹುಟ್ಟುವ ಪ್ರಶ್ನೆ ಒಂದೇ: ಇದು ಹೊಗೆ ಸೇದುವ ಹಾಡೋ, ಅಥವಾ ಇದರೊಳಗೆ ಬೇರೇನಾದರೂ ಇದೆಯೋ? ಕನ್ನಡ ಬಲ್ಲ ಗೆಳೆಯ ತಟ್ಟನೆ ಉತ್ತರ ಕೊಡುತ್ತಾನೆ, ‘ಇಲ್ಲ ಇಲ್ಲ, ಇದು ಫಿಲಾಸಫಿ’ ಎಂದು. ಮಾತು ಅಲ್ಲಿಗೆ ಮುಗಿಯುತ್ತದೆ. ಅದು ಅಲ್ಲಿಗೇ ಮುಗಿಯಬೇಕೆ ಎಂಬುದು ಈ ಬರಹದ ವಿಷಯ.

ರಾಕ್ ಹಾಡುಗಳ ಸಾಲುಗಳಲ್ಲಿ ಗುಪ್ತಾರ್ಥ ಹುಡುಕುವುದು ಪಶ್ಚಿಮದಲ್ಲಿ ಅರವತ್ತರ ದಶಕದಿಂದಲೂ ನಡೆದುಬಂದಿರುವ ಹವ್ಯಾಸ. ಕನ್ನಡದಲ್ಲಿ ಒಳಾರ್ಥ ಹುಡುಕುವ ಕೆಲಸಕ್ಕೆ ಎಂಟು ಶತಮಾನಗಳ ವಯಸ್ಸಾಗಿದೆ. ಈ ಎರಡು ಹವ್ಯಾಸಗಳು ಬೆಂಗಳೂರಿನ ಹೊರವಲಯದಲ್ಲಿ ಮುಖಾಮುಖಿಯಾದ ಬಗೆಯನ್ನು ನೋಡಿದರೆ ಹಾಡು ಕೇಳುವ ಕ್ರಮದ ಬಗ್ಗೆಯೇ ಕೆಲವು ಸಂಗತಿಗಳು ಹೊಳೆಯುತ್ತವೆ.

ಗೊಣಗುವ ಹಾಡುಗಳು

ಮೊದಲು ಆಲ್ಟರ್ನೇಟಿವ್ ರಾಕ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಎಂಬತ್ತರ ದಶಕದ ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಹಂಗಿಲ್ಲದೆ, ಚಿಕ್ಕ ಧ್ವನಿಮುದ್ರಣ ಸಂಸ್ಥೆಗಳು ಮತ್ತು ಕಾಲೇಜು ರೇಡಿಯೋಗಳ ಆಸರೆಯಲ್ಲಿ ಬೆಳೆದ ತಂಡಗಳಿಗೆ ಅಂಟಿಕೊಂಡ ಹೆಸರು ಅದು. ಅವುಗಳಲ್ಲೊಂದು ಆರ್‌.ಇ.ಎಂ. 1983ರಲ್ಲಿ ಬಂದ ಅವರ ಮೊದಲ ಪೂರ್ಣ ಆಲ್ಬಮ್ಮಿನ ಹೆಸರೇ ‘ಮರ್ಮರ್’, ಅಂದರೆ ಗೊಣಗು. ಗಾಯಕ ಮೈಕೆಲ್ ಸ್ಟೈಪ್ ಪದಗಳನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿರಲಿಲ್ಲ. ಆರಂಭದ ಆಲ್ಬಮ್‌ಗಳಲ್ಲಿ ಸಾಹಿತ್ಯವನ್ನು ಅಚ್ಚು ಹಾಕಿಸಲೂ ಇಲ್ಲ. ಕೇಳಿದವರೆಲ್ಲ ತಮಗೆ ಕೇಳಿಸಿದ್ದನ್ನೇ ಬರೆದುಕೊಂಡು ಅದಕ್ಕೊಂದು ಅರ್ಥ ಕಟ್ಟಿದರು.

1991ರಲ್ಲಿ ಇದೇ ತಂಡದ ‘ಲೂಸಿಂಗ್ ಮೈ ರಿಲಿಜನ್’ ಜಗತ್ತಿನೆಲ್ಲೆಡೆ ಹರಡಿತು. ಹೆಸರು ಕೇಳಿದವರು ಇದನ್ನು ದೇವರಲ್ಲಿ ನಂಬಿಕೆ ಕಳೆದುಕೊಂಡವನ ಹಾಡೆಂದು ತಿಳಿದರು. ಅಮೆರಿಕದ ದಕ್ಷಿಣ ಭಾಗದ ಆಡುಮಾತಿನಲ್ಲಿ ಆ ನುಡಿಗಟ್ಟಿಗೆ ಇರುವ ಅರ್ಥ ತಾಳ್ಮೆ ಕೆಡುವುದು, ಸಹನೆಯ ಕೊನೆ ಮುಟ್ಟುವುದು. ನಮ್ಮಲ್ಲಿ ‘ತಲೆ ಕೆಟ್ಟು ಹೋಯ್ತು’ ಅನ್ನುವಂತೆ. ಅದು ಒಲವು ತಿಳಿಸಲಾರದೆ ಒದ್ದಾಡುವವನ ಹಾಡು. ಒಂದು ಪ್ರದೇಶದ ಸಾಧಾರಣ ಮಾತು ಆ ಪ್ರದೇಶದ ಗಡಿ ದಾಟಿದೊಡನೆ ನಿಗೂಢವಾಯಿತು. ಗೂಢ ಹಾಡಿನಲ್ಲಿರಲಿಲ್ಲ, ಕೇಳುಗನ ದೂರದಲ್ಲಿತ್ತು.

ಅದೇ 1991ರಲ್ಲಿ ಬಂದ ನಿರ್ವಾಣ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಕತೆ ಇನ್ನೂ ತಮಾಷೆಯದು. ಗೆಳತಿಯೊಬ್ಬಳು ಗೋಡೆಯ ಮೇಲೆ ಕರ್ಟ್ ಕೊಬೇನ್‌ನ ಬಗ್ಗೆ ಗೀಚಿದ್ದ ಮಾತನ್ನು ಆತ ಬಂಡಾಯದ ಘೋಷಣೆ ಎಂದು ಭಾವಿಸಿ ಹಾಡಿನ ಹೆಸರಾಗಿಸಿದ. ಅದು ಹದಿಹರೆಯದ ಹುಡುಗಿಯರಿಗಾಗಿ ಮಾರುತ್ತಿದ್ದ ಒಂದು ಡಿಯೋಡರೆಂಟಿನ ಹೆಸರು ಎಂಬುದು ಅವನಿಗೆ ಗೊತ್ತಾದದ್ದು ಹಾಡು ಹೊರಬಂದ ಮೇಲೆ. ಬರೆದವನಿಗೇ ತಿಳಿಯದ ಅರ್ಥವೊಂದು ಹಾಡಿನೊಳಗಿತ್ತು. ಹಾಗೆಂದು ಲಕ್ಷಾಂತರ ಹುಡುಗರು ಅದರಲ್ಲಿ ಕೇಳಿಸಿಕೊಂಡ ಬಂಡಾಯ ಸುಳ್ಳಾಗಲಿಲ್ಲ. ಕವಿಯ ಉದ್ದೇಶವೇ ಕೊನೆಯ ತೀರ್ಪು ಎನ್ನುವವರು ಈ ಪ್ರಸಂಗವನ್ನು ಒಮ್ಮೆ ನೆನೆಯಬೇಕು.

ಬೆಡಗು, ಮುಂಡಿಗೆ, ತತ್ವಪದ

ಕನ್ನಡಕ್ಕೆ ಇದೆಲ್ಲ ಹೊಸದಲ್ಲ. ಹನ್ನೆರಡನೇ ಶತಮಾನದ ಬೆಡಗಿನ ವಚನಗಳಲ್ಲಿ, ಮುಖ್ಯವಾಗಿ ಅಲ್ಲಮನ ವಚನಗಳಲ್ಲಿ, ಲೋಕದ ನಿಯಮ ತಲೆಕೆಳಗಾದ ಚಿತ್ರಗಳು ತುಂಬಿವೆ. ಮುಂದೆ ಬಂದ ಟೀಕಾಕಾರರು ಆ ಚಿತ್ರಗಳಿಗೆ ಪದದಿಂದ ಪದಕ್ಕೆ ಅರ್ಥ ಬರೆದರು. ಈ ಪ್ರಾಣಿ ಎಂದರೆ ಮನಸ್ಸು, ಆ ಮರ ಎಂದರೆ ದೇಹ ಎಂಬಂತೆ. ಕನಕದಾಸರ ಮುಂಡಿಗೆಗಳು ಸಭೆಯ ಮುಂದೆ ಒಡ್ಡಿದ ಸವಾಲುಗಳು, ‘ಬಲ್ಲವರು ಬಿಡಿಸಿ’ ಎನ್ನುವ ಧಾಟಿಯವು. ಅವುಗಳ ನಂತರ ಬಂದದ್ದು ತತ್ವಪದಗಳ ದೊಡ್ಡ ಹೊಳೆ. ಗುರು ಕಳಸದ ಗೋವಿಂದಭಟ್ಟರ ಜೊತೆ ತಿರುಗುತ್ತ ಶರೀಫರು ಹಾಡಿದ ಪದಗಳು ಆ ಹೊಳೆಯ ಒಂದು ಕವಲು. ವೈಟ್‌ಫೀಲ್ಡಿನಿಂದ ಮೂಡಣಕ್ಕೆ ಹೊಸಕೋಟೆ ದಾಟಿ ಚಿಂತಾಮಣಿಯ ಕಡೆ ಹೋದರೆ ಇನ್ನೊಂದು ಕವಲು ಸಿಗುತ್ತದೆ. ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಕೈವಾರದ ತಾತಯ್ಯನವರದು. ಆ ಸೀಮೆಯ ಭಜನೆ ಮಂಡಳಿಗಳಲ್ಲಿ ಅವರ ಪದಗಳು ಇಂದಿಗೂ ನಡೆಯುತ್ತವೆ. ಐಟಿ ಪಾರ್ಕುಗಳು ಎದ್ದ ನೆಲ ಒಳಾರ್ಥದ ಹಾಡಿಗೆ ಬಂಜರು ನೆಲವೇನೂ ಆಗಿರಲಿಲ್ಲ.

ಬೆಡಗು, ಮುಂಡಿಗೆಗಳಿಗೂ ಶರೀಫರ ಪದಗಳಿಗೂ ಒಂದು ವ್ಯತ್ಯಾಸವಿದೆ. ಬೆಡಗಿನಲ್ಲಿ ಹೊರಚಿತ್ರ ಅಸಂಭವವಾಗಿರುತ್ತದೆ. ಒಳಗೆ ಏನೋ ಇರಲೇಬೇಕು ಎಂಬ ಸುಳಿವು ಅಲ್ಲೇ ಸಿಗುತ್ತದೆ. ಶರೀಫರ ಕೋಡಗ ಕೋಳಿಗಳ ಪದ ಆ ಜಾತಿಯದು. ಆದರೆ ಅವರ ಹೆಚ್ಚಿನ ಪದಗಳು ದಿನದ ಬಾಳಿನ ವಸ್ತುವಿನಿಂದ ಶುರುವಾಗುತ್ತವೆ: ಮಾಳಿಗೆ, ಗುಡುಗುಡಿ, ತಂಬೂರಿ, ಗಿರಣಿ, ನೀರು ತರುವ ದಾರಿ. ಹೊರಚಿತ್ರ ಪೂರ್ತಿ ಸಂಭವನೀಯ. ಆದ್ದರಿಂದಲೇ ಅವನ್ನು ಬರೀ ಹೊರಗಿನಿಂದ ಕೇಳಿ ಸುಮ್ಮನಾಗುವುದೂ ಸಾಧ್ಯ, ಒಳಾರ್ಥದ ಹೆಸರಿನಲ್ಲಿ ಹೊರಗನ್ನು ಮರೆಯುವುದೂ ಸಾಧ್ಯ.

ಕಾರ್ಖಾನೆಯಿಂದ ಬಂದ ದನಿ

ಶರೀಫರ ಪದಗಳು ಬೆಂಗಳೂರಿಗೆ ಬಂದದ್ದು ಗಿಟಾರಿನ ಜೊತೆಗಲ್ಲ. ರಾಕ್ ತಂಡಗಳಿಗಿಂತ ಬಹಳ ಮೊದಲೇ ಸಿ. ಅಶ್ವತ್ಥ್ ಅವುಗಳನ್ನು ಸುಗಮ ಸಂಗೀತದ ವೇದಿಕೆಗೆ ತಂದಿದ್ದರು. ಪದಗಳನ್ನು ಆಯ್ದು ಪರಿಚಯಿಸುವುದರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಪಾಲು ದೊಡ್ಡದು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ್ ಕಾರ್ನಾಡ್ ಅಭಿನಯಿಸಿದರು. ಸಂಗೀತ ಅಶ್ವತ್ಥರದೇ.

ಅಶ್ವತ್ಥ್ ಬಹುಕಾಲ ನೌಕರಿ ಮಾಡಿದ್ದು ಐಟಿಐ ಸಂಸ್ಥೆಯಲ್ಲಿ. 1948ರಲ್ಲಿ ಶುರುವಾದ ಈ ಟೆಲಿಫೋನ್ ಕಾರ್ಖಾನೆ ಇರುವುದು ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ, ಅಂದರೆ ನಗರದಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲೇ. ಐಟಿಐ, ಎಚ್ಎಎಲ್, ಬಿಇಎಲ್, ಎಚ್ಎಂಟಿಗಳಂಥ ಸಾರ್ವಜನಿಕ ಉದ್ದಿಮೆಗಳ ಕಾಲೊನಿಗಳಲ್ಲಿ ರಾಜ್ಯೋತ್ಸವ, ನಾಟಕ, ಭಾವಗೀತೆಗಳಿಗೆ ಒಂದು ಸ್ಥಿರವಾದ ಜಾಗವಿತ್ತು. ಎಪ್ಪತ್ತರ ದಶಕದಲ್ಲಿ ಪೀಣ್ಯದ ಸಣ್ಣ ಕೈಗಾರಿಕೆಗಳು ಬೆಳೆದಂತೆ, ಲೇತಿನ ಮುಂದೆ ನಿಂತವರ, ಶಿಫ್ಟು ಮುಗಿಸಿ ಹೊರಟವರ ಕಿವಿಗೂ ಕ್ಯಾಸೆಟ್ಟಿನ ಮೂಲಕ ಆ ದನಿ ತಲುಪಿತು. ಅವರಲ್ಲಿ ಹಲವರು ಹಾವೇರಿ, ಧಾರವಾಡ, ಗದಗದ ಕಡೆಯಿಂದ ಬಂದವರು, ಮಾಳಿಗೆ ಮನೆಯಲ್ಲಿ ಹುಟ್ಟಿದವರು.

ಎಲೆಕ್ಟ್ರಾನಿಕ್ ಸಿಟಿಯ ಕತೆ ಬೇರೆ. ಎಪ್ಪತ್ತರ ದಶಕದ ಕೊನೆಗೆ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದನ್ನು ಕಟ್ಟಲು ಹೊರಟಿತು. ನಿಜವಾಗಿ ಊರು ತುಂಬಿದ್ದು ತೊಂಬತ್ತರ ದಶಕದಲ್ಲಿ. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡಿಗೆ ಐಟಿ ಪಾರ್ಕ್ ಬಂದದ್ದೂ ಅದೇ ದಶಕದಲ್ಲಿ. ಇಲ್ಲಿಗೆ ಬಂದವರು ಕೇಳಿ ಬೆಳೆದದ್ದು ಹಾಸ್ಟೆಲಿನ ರಾಕ್ ಕ್ಯಾಸೆಟ್ಟುಗಳನ್ನು. ರಾಕ್ ಅವರಿಗೆ ಮನೆಯಿಂದ ಬಂದ ಸಂಗೀತವಲ್ಲ, ಆದರೆ ಹಲವು ಊರುಗಳಿಂದ ಬಂದವರೆಲ್ಲ ಸೇರಿ ಹಾಡಬಹುದಾದ ಸಂಗೀತ.

ಈ ಎರಡು ಕೇಳುಗ ಲೋಕಗಳಿಗೆ ಒಂದೇ ಮೈದಾನವಿತ್ತು. ಅರಮನೆ ಮೈದಾನದಲ್ಲಿ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು. 2005ರಲ್ಲಿ ಅದೇ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ನಡೆದು ಜನಸಾಗರ ಸೇರಿತು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದರು. ಒಂದು ಕಾರ್ಯಕ್ರಮಕ್ಕೆ ಬಂದವರು ಇನ್ನೊಂದಕ್ಕೆ ಬಂದದ್ದು ಕಡಿಮೆ. ಆದರೆ ಇವೆರಡರ ನಡುವೆ ಒಂದು ತಲೆಮಾರು ಬೆಳೆಯುತ್ತಿತ್ತು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರು ಹಿಡಿದ ರಘು ದೀಕ್ಷಿತ್ ಆ ತಲೆಮಾರಿನವರು. 2008ರ ಆಲ್ಬಮ್ಮಿನಲ್ಲಿ ಎರಡೂ ಮೈದಾನಗಳ ಸದ್ದು ಸೇರಿತು. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆಯನ್ನೂ ಏರಿತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಜಾನಪದ ರಾಕ್. ಆದರೂ ಚಿತ್ರಗೀತೆಗಳ ದೊಡ್ಡ ಮಾರುಕಟ್ಟೆಯ ಹೊರಗೆ ಬೆಳೆದದ್ದರಿಂದ ನಮ್ಮ ಮಟ್ಟಿಗೆ ಇದೇ ‘ಪರ್ಯಾಯ’.

ಗುಡುಗುಡಿಯ ಒಳಗೆ

ಈಗ ಗುಡುಗುಡಿಗೆ ಬರೋಣ. ಕೆಳಗೆ ನೀರು ತುಂಬಿದ ಬುರುಡೆ, ಅದರಿಂದ ಮೇಲೇಳುವ ಕೊಳವೆ, ತುದಿಯಲ್ಲಿ ಚಿಲುಮೆ, ಚಿಲುಮೆಯಲ್ಲಿ ಸೊಪ್ಪು, ಸೊಪ್ಪಿನ ಮೇಲೆ ಕೆಂಡ. ಸೇದಿದಾಗ ಹೊಗೆ ನೀರಿನ ಮೂಲಕ ಹಾದು ಗುಡುಗುಡು ಸದ್ದು ಮಾಡುತ್ತದೆ. ಹೆಸರು ಬಂದದ್ದೇ ಆ ಸದ್ದಿನಿಂದ. ಶರೀಫರು ಈ ಒಂದೊಂದು ಭಾಗಕ್ಕೂ ಒಂದೊಂದು ಒಳಗಿನ ಸಂಗತಿಯನ್ನು ಜೋಡಿಸುತ್ತಾರೆ. ದೇಹವೇ ಬುರುಡೆ, ಮನಸ್ಸೇ ಸೊಪ್ಪಿನ ಸಂಚಿ, ಮೋಹವೇ ಕೊಚ್ಚಿ ಹಾಕುವ ಭಂಗಿ, ಬುದ್ಧಿಯೇ ಕೆಂಡ.

‘ಇದು ಫಿಲಾಸಫಿ’ ಎನ್ನುವ ಗೆಳೆಯ ಇಲ್ಲಿಯವರೆಗೆ ಬಂದರೆ ಅದೇ ದೊಡ್ಡದು. ಆದರೆ ಪದದ ಕೆಲಸ ಇಲ್ಲಿಂದ ಮುಂದಿದೆ. ಸಾಧಾರಣವಾಗಿ ಭಂಗಿ ಸೇದಿದವನಿಗೆ ಅಮಲೇರುತ್ತದೆ. ಈ ಗುಡುಗುಡಿಯಲ್ಲಿ ಸುಟ್ಟುಹೋಗುವುದು ಅಮಲೇ, ಏಕೆಂದರೆ ಚಿಲುಮೆಯಲ್ಲಿ ತುಂಬಿರುವುದು ಮೋಹ. ಸೇದುವುದು ಇಲ್ಲಿ ರೋಗವಲ್ಲ, ಔಷಧ. ಒಂದೇ ಕ್ರಿಯೆ ತಿರುಗಿ ತನ್ನ ವಿರುದ್ಧವೇ ಕೆಲಸ ಮಾಡುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಗುಡುಗುಡಿ ಒಬ್ಬರು ಸೇದಿ ಇನ್ನೊಬ್ಬರಿಗೆ ದಾಟಿಸುವ ವಸ್ತು. ಅದರ ಸುತ್ತ ಜನ ಕೂರುತ್ತಾರೆ. ಭಜನೆಯ ಕೂಟದಲ್ಲೂ ಪದ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹಾಡುವುದೇ ಸೇದುವುದಾಗುತ್ತದೆ. ಈ ಕೊನೆಯ ಮಾತನ್ನು ಪದ ನೇರವಾಗಿ ಹೇಳುವುದಿಲ್ಲ, ಅದು ನನ್ನ ಓದು. ಆದರೆ ಸಾವಿರ ಜನ ಒಟ್ಟಿಗೆ ಪಲ್ಲವಿ ಕೂಗುವ ರಾಕ್ ವೇದಿಕೆಯಲ್ಲಿ ಈ ಓದಿಗೆ ಹೆಚ್ಚು ಬಲ ಬರುತ್ತದೆ, ಒಬ್ಬನೇ ಕೂತು ಪುಸ್ತಕದಲ್ಲಿ ಓದುವಾಗ ಅಷ್ಟಿಲ್ಲ.

ಹೊಗೆಯ ಹಾಡೆಂದು ಕುಣಿಯುವವನ ಕೇಳ್ವಿಕೆ ಹಾಗಾದರೆ ತಪ್ಪೆ? ಪೂರ್ತಿ ತಪ್ಪಲ್ಲ. ಶರೀಫರು ಗುಡುಗುಡಿಯನ್ನೇ ಆರಿಸಿಕೊಂಡದ್ದು ಅದರ ಆಕರ್ಷಣೆ ಗೊತ್ತಿದ್ದೇ. ಕೇಳುಗನನ್ನು ಅವನ ಚಟದ ಹೆಸರಿನಲ್ಲೇ ಕರೆದು ಹತ್ತಿರ ಕೂರಿಸಿಕೊಳ್ಳುವುದು ಪದದ ಉಪಾಯ. ಕುಣಿಯುವವನು ಬಾಗಿಲ ತನಕ ಬಂದಿದ್ದಾನೆ. ‘ಫಿಲಾಸಫಿ’ ಎಂದು ಹಣೆಪಟ್ಟಿ ಹಚ್ಚಿ ಹೊರಟವನೂ ಬಾಗಿಲಲ್ಲೇ ಇದ್ದಾನೆ.

ಮಾಳಿಗೆಯ ಮೇಲೆ

ಸೋರುವ ಮಾಳಿಗೆಯ ಪದದಲ್ಲಿ ತೊಡಕು ಇನ್ನೂ ದೊಡ್ಡದು. ‘ಮನೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನ’ ಎಂಬ ಒಳಾರ್ಥ ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಪದವೇ ಹೇಳಿಬಿಡುತ್ತದೆ. ಇಂದು ಗೂಢವಾಗಿರುವುದು ಮಾಳಿಗೆ ಎಂಬ ವಸ್ತು.

ಉತ್ತರ ಕರ್ನಾಟಕದ ಬಯಲುಸೀಮೆಯ ಮಾಳಿಗೆ ಮನೆಗೆ ಹಂಚಿಲ್ಲ, ಕಾಂಕ್ರೀಟಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪುಸೆದೆ, ಅದರ ಮೇಲೆ ದಪ್ಪಗೆ ಹಾಸಿ ಬಡಿದ ಮಣ್ಣು. ಇಂಥ ಚಾವಣಿ ಒಮ್ಮೆ ಕಟ್ಟಿ ಮರೆಯುವಂಥದಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮೇಲೇರಿ ಹುಲ್ಲು ಕಿತ್ತು, ನೀರಿಳಿಯದ ಮಣ್ಣು ಹೊಸದಾಗಿ ಹರವಿ, ಧಮ್ಮಸ್ಸು ಮಾಡಿ, ನೀರು ಹರಿದು ಹೋಗುವ ದೋಣಿಯನ್ನು ಸರಿಪಡಿಸಬೇಕು. ಒಂದು ವರ್ಷ ಬಿಟ್ಟರೆ ಕರಿಕೆ ಬೇರಿಳಿಸುತ್ತದೆ, ಬೇರಿನ ದಾರಿಯಲ್ಲಿ ನೀರಿಳಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ, ಜಂತಿ ಹುಳುಕಾಗುತ್ತದೆ. ಪದದಲ್ಲಿ ಈ ಕೇಡುಗಳೆಲ್ಲ ಬರುತ್ತವೆ. ಅವು ಅಲಂಕಾರಕ್ಕೆ ಬಂದವಲ್ಲ. ಮಾಳಿಗೆ ಹೇಗೆ ಕೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡವನ ವರದಿ ಅದು.

ಈ ಹೊರಗನ್ನು ತಿಳಿದಾಗ ಒಳಗು ಬದಲಾಗುತ್ತದೆ. ‘ಅಜ್ಞಾನ’ ಎಂದರೆ ತಿಳಿವಳಿಕೆಯ ಕೊರತೆ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಮಾಳಿಗೆಯ ಭಾಷೆಯಲ್ಲಿ ಅಜ್ಞಾನವೆಂದರೆ ಆರೈಕೆ ತಪ್ಪಿದ್ದು. ಮನೆ ಕಟ್ಟುವಾಗಲೇ ಕೆಟ್ಟದ್ದಾಗಿರಲಿಲ್ಲ, ವರ್ಷ ವರ್ಷ ಮಾಡಬೇಕಾದ ಕೆಲಸ ಮಾಡದೆ ಕೆಟ್ಟಿತು. ಈಗ ಕತ್ತಲಾಗಿದೆ, ಮಳೆ ಸುರಿಯುತ್ತಿದೆ, ಮೇಲೇರುವ ಹಾಗಿಲ್ಲ. ಒಮ್ಮೆ ಜ್ಞಾನೋದಯವಾದರೆ ಸಾಕು ಎಂಬ ಭರವಸೆಗೆ ಇಲ್ಲಿ ಜಾಗವಿಲ್ಲ. ಮಣ್ಣಿನ ಮಾಳಿಗೆಗೆ ಶಾಶ್ವತ ರಿಪೇರಿ ಎಂಬುದೇ ಇಲ್ಲವಲ್ಲ! ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಕೇಳುಗನಿಗೆ, ಅವನು ಎಷ್ಟೇ ಜಾಣನಾಗಿದ್ದರೂ, ಈ ಅರ್ಥ ತಾನಾಗಿ ದಕ್ಕುವುದಿಲ್ಲ. ಪೀಣ್ಯದ ಶಿಫ್ಟು ಕೆಲಸಗಾರನಿಗೆ, ಅವನು ವೇದಾಂತದ ಒಂದು ಪದ ಕಲಿಯದಿದ್ದರೂ, ಕೇಳಿದ ಕೂಡಲೇ ದಕ್ಕೀತು.

ಪದದ ಕೊನೆಯಲ್ಲಿ ಬರುವುದು ಹುಬ್ಬೆ ಮಳೆ. ರೈತರ ಲೆಕ್ಕದಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ತನಕದ ಮಳೆ ಅದು. ಹುಬ್ಬೆ ಎಂದಾಗ ಹುಬ್ಬು ನೆನಪಾಗಿ, ಯೋಗದ ಭ್ರೂಮಧ್ಯದವರೆಗೆ ಹೋಗುವ ವ್ಯಾಖ್ಯಾನವೂ ಸಾಧ್ಯ. ತತ್ವಪದಗಳ ಲೋಕದಲ್ಲಿ ಅಂಥ ಶ್ಲೇಷೆ ಅಪರೂಪವಲ್ಲ. ಆದರೆ ಮೊದಲು ಅದು ಮಳೆ. ಆ ಹೊತ್ತಿಗೆ ಮುಂಗಾರಿನ ಮೂರು ತಿಂಗಳು ಕಳೆದಿರುತ್ತದೆ, ಮಣ್ಣು ನೀರುಂಡು ಭಾರವಾಗಿರುತ್ತದೆ. ಇನ್ನೊಂದು ಜೋರು ಮಳೆ ಬಂದರೆ ಮಾಳಿಗೆ ಕುಸಿಯುವ ಹೊತ್ತು ಅದೇ.

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗದಲ್ಲಿ ಸುರಿದದ್ದೂ ಆ ಹುಬ್ಬೆ ಮಳೆಯೇ. ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದವು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು, ಐಷಾರಾಮಿ ವಿಲ್ಲಾಗಳ ಜನರನ್ನು ದೋಣಿಯಲ್ಲಿ ಸಾಗಿಸಿದರು. ನೀರು ಹರಿಯುವ ರಾಜಕಾಲುವೆಗಳನ್ನು ಒತ್ತಿ ಕಟ್ಟಿದ್ದು, ಕೆರೆಯಿಂದ ಕೆರೆಗೆ ಇದ್ದ ಕೊಂಡಿ ಕಡಿದದ್ದು ಕಾರಣವೆಂದು ಆಗ ಎಲ್ಲರೂ ಮಾತಾಡಿದರು. ಮಾಳಿಗೆಯ ಭಾಷೆಯಲ್ಲಿ ಹೇಳುವುದಾದರೆ, ದೋಣಿ ಕಟ್ಟಿಕೊಂಡಿತ್ತು, ಆರೈಕೆ ತಪ್ಪಿತ್ತು. ಶರೀಫರು ಬೆಂಗಳೂರಿನ ಪ್ರವಾಹವನ್ನು ಮುಂಗಂಡು ಬರೆದರು ಎಂದು ಯಾರೂ ಹೇಳಬೇಕಿಲ್ಲ. ಪದ ಕೊಟ್ಟದ್ದು ಒಂದು ನೋಡುವ ಕ್ರಮ. ಅದು ದೇಹಕ್ಕೆ ಹೊಂದಿದಂತೆ ಊರಿಗೂ ಹೊಂದುತ್ತದೆ. ಆದರೆ ಮಾಳಿಗೆಯ ಕೆಲಸ ತಿಳಿದವನಿಗೆ ಮಾತ್ರ ಹೊಂದಿಸಲು ಬರುತ್ತದೆ.

ಪದ ಹಾಡುವುದು, ಪದ ಕಟ್ಟುವುದು

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಶರೀಫರು ತಮ್ಮ ಕಾಲದ ಅತಿ ಹೊಸ ಯಂತ್ರವಾಗಿದ್ದ ಗಿರಣಿಯ ಮೇಲೂ ಪದ ಕಟ್ಟಿದರು. ಹತ್ತೊಂಬತ್ತನೇ ಶತಮಾನದ ಹಳ್ಳಿಗನಿಗೆ ಗಿರಣಿಯೆಂದರೆ ಇಂದಿನ ಡೇಟಾ ಸೆಂಟರಿನಷ್ಟೇ ಬೆರಗು. ಆ ಬೆರಗಿನಲ್ಲೇ ಅವರು ತತ್ವವನ್ನೂ ಕಂಡರು. ಅಂದರೆ ತತ್ವಪದ ಹಳೆಯ ವಸ್ತುಗಳ ಹಾಡಲ್ಲ, ಕಣ್ಣೆದುರಿನ ವಸ್ತುವಿನ ಹಾಡು. ಹಾಗಿದ್ದರೆ ಪೀಣ್ಯದ ಲೇತಿನ ಮೇಲೆ, ವೈಟ್‌ಫೀಲ್ಡಿನ ಸರ್ವರಿನ ಮೇಲೆ ಪದ ಎಲ್ಲಿ? ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿದವರು ಇದ್ದಾರೆ. ಶರೀಫರ ವಿಧಾನವನ್ನು ಮುಂದುವರಿಸಿದವರು ಯಾರು?

ವಿಚಿತ್ರವೆಂದರೆ ಇದಕ್ಕೆ ಹತ್ತಿರದ ಒಂದು ಉತ್ತರ ಇಂಗ್ಲಿಷಿನಲ್ಲಿ ಹಾಡುವ ತಂಡದಿಂದ ಬಂತು. 1996ರಲ್ಲಿ ಶುರುವಾದ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ ಹೆಸರೇ ಒಂದು ಒಗಟು. ಮೊದಲ ಸದಸ್ಯರಲ್ಲಿ ಮೂವರು ಮಲಯಾಳಿಗಳು, ಒಬ್ಬ ಕಾಲುಭಾಗ ಮಲಯಾಳಿ ಎಂಬ ತಮಾಷೆಯಿಂದ ಅದು ಹುಟ್ಟಿತು. 2012ರ ಅವರ ‘3 ವೀಲ್ಸ್ 9 ಲೈವ್ಸ್’ ಆಲ್ಬಮ್ಮಿನ ಹೆಸರಲ್ಲಿ ಆಟೊದ ಮೂರು ಚಕ್ರಗಳೂ ಬೆಕ್ಕಿನ ಒಂಬತ್ತು ಜೀವಗಳೂ ಸೇರಿವೆ. ಅದರಲ್ಲೊಂದು ಹಾಡಿನ ಹೆಸರು ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’. ಲಂಡನ್ನಿನ ಕೇಳುಗನಿಗೆ ಇದು ಶುದ್ಧ ಮುಂಡಿಗೆ. ಬೆಂಗಳೂರಿನವನಿಗೆ ಇದರಲ್ಲಿ ಬಿಡಿಸಬೇಕಾದ್ದೇನೂ ಇಲ್ಲ. ರಾತ್ರಿ ಹತ್ತರ ಮೇಲೆ ನಿಯಮದಂತೆ ಕೇಳುವ ಒಂದೂವರೆ ಪಟ್ಟು, ಹಗಲಿನಲ್ಲಿ ಚೌಕಾಸಿಯಾಗಿ ಬದಲಾಗುವುದು ಅವನಿಗೆ ಗೊತ್ತು. ಕನ್ನಡದ ‘ಮೇಲೆ’ ಮತ್ತು ಇಂಗ್ಲಿಷಿನ ಲೆಕ್ಕ ಕೂಡಿದ ಆ ಅರ್ಧ ವಾಕ್ಯದಲ್ಲಿ ಊರಿನ ಹೊಂದಾಣಿಕೆಯೆಲ್ಲ ಇದೆ. ನಮ್ಮ ಕೇಳುಗರಿಗೆ ‘ಲೂಸಿಂಗ್ ಮೈ ರಿಲಿಜನ್’ ಎಷ್ಟು ಗೂಢವೋ ಹೊರಗಿನವರಿಗೆ ಇದು ಅಷ್ಟೇ ಗೂಢ. ತತ್ವ ಇಲ್ಲದಿರಬಹುದು, ಆದರೆ ವಸ್ತು ಕಣ್ಣೆದುರಿನದು.

ಎರಡನೆಯ ಉತ್ತರ ‘ಸ್ವರಾತ್ಮ’ ತಂಡದ್ದು. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ಈ ತಂಡದ ಮೊದಲ ಆಲ್ಬಮ್ 2009ರದು. ಅದರ ‘ಪ್ಯಾಸಿ’ ಎಂಬ ಹಾಡಿನಲ್ಲಿ ಮಾತಾಡುವವಳು ಎರಡು ರಾಜ್ಯಗಳ ಜಗಳದ ನಡುವೆ ಸಿಕ್ಕ ಕಾವೇರಿ. ಹೆಸರಿನ ಅರ್ಥ ಬಾಯಾರಿದವಳು ಎಂದು. ನೀರೇ ಬಾಯಾರುವುದು! ಬೆಡಗಿನ ವಚನಕಾರರು ಒಪ್ಪಬಹುದಾದ ವಿರೋಧಾಭಾಸ ಇದು. 2009ರಲ್ಲಿ ಇದನ್ನು ಕೇಳಿದವರು ಕಾವೇರಿ ವಿವಾದದ ಹಾಡೆಂದು ಕೇಳಿದರು. ವೈಟ್‌ಫೀಲ್ಡ್, ಮಹದೇವಪುರದ ಕಡೆ 2007ರಲ್ಲಿ ನಗರಕ್ಕೆ ಸೇರಿದ ಹಳ್ಳಿಗಳಿಗೆ ಆಗ ಕಾವೇರಿ ನೀರು ಬಂದಿರಲಿಲ್ಲ. ಕೊಳವೆಬಾವಿ, ಟ್ಯಾಂಕರುಗಳೇ ಗತಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಕಾದು ನಿಂತರು. ಅದೇ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಆ 110 ಹಳ್ಳಿಗಳಿಗಾಗಿ ಉದ್ಘಾಟನೆಯಾಯಿತು. ಆ ಬೇಸಿಗೆಯ ನಂತರ ‘ಪ್ಯಾಸಿ’ ಕೇಳುವಾಗ ರಾಜ್ಯಗಳ ಜಗಳವಷ್ಟೇ ಕೇಳಿಸುವುದಿಲ್ಲ. ನೂರು ಕಿಲೋಮೀಟರ್ ದೂರದ ನದಿಯನ್ನು ಪಂಪು ಮಾಡಿ ಮೇಲಕ್ಕೆತ್ತಿ ಕುಡಿಯುವ ನಮ್ಮ ಬಾಯಾರಿಕೆಯೂ ಕೇಳಿಸುತ್ತದೆ. ಹಾಡಿನ ಒಂದಕ್ಷರವೂ ಬದಲಾಗಿಲ್ಲ.

ಎರಡು ಅತಿಗಳ ನಡುವೆ

ಒಳಾರ್ಥ ಹುಡುಕುವವರು ಸಾಮಾನ್ಯವಾಗಿ ಎರಡು ಅತಿಗಳಿಗೆ ಬೀಳುತ್ತಾರೆ. ಒಂದು, ಹಾಡನ್ನು ಬೀಗವೆಂದೂ ಅರ್ಥವನ್ನು ಕೀಲಿಯೆಂದೂ ತಿಳಿಯುವುದು. ಬೆಡಗಿಗೆ ಟೀಕೆ ಬರೆದ ಪಂಡಿತರಲ್ಲಿ ಕೆಲವರು ಹೀಗೇ ಮಾಡಿದರು. ಕೀಲಿ ಸಿಕ್ಕ ಮೇಲೆ ವಚನದ ಬೆರಗೇ ಮಾಯವಾಯಿತು. ಇನ್ನೊಂದು, ‘ಅರ್ಥ ಯಾಕೆ, ಫೀಲ್ ಆದರೆ ಸಾಕು’ ಎನ್ನುವುದು. ಇದು ಉದಾರವಾಗಿ ಕಾಣುತ್ತದೆ, ಆದರೆ ಕನ್ನಡ ಬಾರದೆಯೇ ದಶಕಗಳ ಕಾಲ ಇಲ್ಲಿ ಬದುಕಬಹುದಾದ ಹೊರವಲಯದಲ್ಲಿ ಈ ಮಾತಿಗೆ ಬೇರೊಂದು ಬೆಲೆಯಿದೆ. ಹಾಡಿನ ಸದ್ದು ಬೇಕು, ಹಾಡಿನ ಮಾತು ಬೇಡ ಎಂದಾಗ, ಆ ಮಾತು ಆಡುವ ಜನರೂ ಬೇಡ ಎನ್ನುವುದಕ್ಕೆ ಬಹಳ ದೂರವಿಲ್ಲ. ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಕೂತ ಹಾವೇರಿಯ ಮನುಷ್ಯನಿಗೆ ಆ ಪದ ಬಾಯಿಪಾಠ ಇರಬಹುದು. ಒಳಗೆ ಅದೇ ಪದಕ್ಕೆ ಕುಣಿಯುವವರು ಅವನನ್ನು ಅದರ ಬಗ್ಗೆ ಕೇಳುವ ಪ್ರಸಂಗ ಬರುವುದೇ ಇಲ್ಲ.

ತತ್ವಪದ ರಾಕ್ ಆದದ್ದರಿಂದ ಕೆಟ್ಟಿತು ಎಂಬ ಆಕ್ಷೇಪವೂ ಆಗಾಗ ಕೇಳುತ್ತದೆ. ಶರೀಫರ ಪದಗಳು ಬಾಯಿಂದ ಬಾಯಿಗೆ ಬಂದವು. ಒಂದು ಊರಿನ ಪಾಠ ಇನ್ನೊಂದು ಊರಿನದಲ್ಲ, ಒಬ್ಬ ಭಜನೆಕಾರನ ಧಾಟಿ ಇನ್ನೊಬ್ಬನದಲ್ಲ. ಅಶ್ವತ್ಥರ ಹಾರ್ಮೋನಿಯಂ ಧಾಟಿಯೂ ಒಂದು ಕಾಲಕ್ಕೆ ಹೊಸದೇ. ಧಾಟಿ ಬದಲಾದರೆ ಪದ ಸಾಯುವುದಿಲ್ಲ. ಅದು ಸಾಯುವುದು ಅದರ ವಸ್ತು ಅಪರಿಚಿತವಾದಾಗ, ಮತ್ತು ಆ ಅಪರಿಚಿತತೆಯನ್ನೇ ಜನ ಆಳ ಎಂದು ಭ್ರಮಿಸಿದಾಗ.

ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಹಾಡಿನ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ‘ಇದರ ನಿಜವಾದ ಅರ್ಥವೇನು’ ಎಂಬುದಲ್ಲ. ಇಲ್ಲಿರುವ ವಸ್ತು ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ, ಈ ಮಾತನ್ನು ಯಾವ ಊರಲ್ಲಿ ಯಾರು ದಿನವೂ ಆಡುತ್ತಾರೆ ಎಂಬ ಪ್ರಶ್ನೆಗಳು ಮೊದಲು ಬರಲಿ. ‘ಟೀನ್ ಸ್ಪಿರಿಟ್’ ಒಂದು ಡಿಯೋಡರೆಂಟ್, ಒಂದೂವರೆ ಎಂಬುದು ರಾತ್ರಿಯ ಆಟೊ ದರ, ಹುಬ್ಬೆ ಒಂದು ಮಳೆ. ಇಷ್ಟು ತಿಳಿದ ಮೇಲೂ ಹಾಡಿನಲ್ಲಿ ಬಿಡಿಸಲಾರದ್ದು ಏನಾದರೂ ಉಳಿದರೆ ಅದು ಹಾಡಿನದೇ ಗೂಢ, ಅದರ ಜೊತೆ ನಿಧಾನವಾಗಿ ಬದುಕಬಹುದು.

ಮಣ್ಣಿನ ಮಾಳಿಗೆ ಬಡಿಯಬಲ್ಲ ಕೈಗಳು ಬಯಲುಸೀಮೆಯ ಊರುಗಳಲ್ಲಿ ಇನ್ನೂ ಇವೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವರನ್ನು ಕೇಳಿ ಬರೆದಿಡುವುದೂ ಸಾಹಿತ್ಯ ವಿಮರ್ಶೆಯ ಕೆಲಸವೇ.